‘ಬಾಡಿ ಆ್ಯಂಡ್ ಸೋಲ್’: ಮೂಲ ಯಾವುದು, ನಕಲು ಯಾವುದು?

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಪ್ರೇಮಗೀತೆಗಳ ಕುರಿತು ಬಂದ ಬರಹವನ್ನು ಎರಡು ಸಲ ಓದಿದೆ. ಜಾಸ್ ಸಂಗೀತದ ‘ಬಾಡಿ ಆ್ಯಂಡ್ ಸೋಲ್’ ಹಾಡಿಗೆ ಕನ್ನಡ ಪತ್ರಿಕೆಯೊಂದು ಅರ್ಧ ಕಾಲಂ ಜಾಗ ಕೊಟ್ಟದ್ದು ಕಂಡು ಸಂತೋಷವಾಯಿತು. ಆದರೆ ಆ ಅರ್ಧ ಕಾಲಂನಲ್ಲಿ ಎರಡು ಮಾತು ನನಗೆ ನೋವು ತಂದವು. ಚಿತ್ರದ ಕೆಳಗೆ ಅದು ಬ್ರಿಟಿಷ್ ಗಾಯಕಿ ಆಮಿ ವೈನ್‌ಹೌಸ್ ಅವರ ಹಾಡು ಎಂದು ಅಚ್ಚಾಗಿದೆ. ಬರಹದ ಕೊನೆಯಲ್ಲಿ, ಮೂಲ ಹಾಡೇ ಹಾಡು, ಆಮೇಲಿನವರದೆಲ್ಲ ನಕಲು ಎಂಬ ತೀರ್ಪು ಇದೆ. ಮೊದಲನೆಯದು ತಿದ್ದಬಹುದಾದ ತಪ್ಪು. ಎರಡನೆಯದನ್ನು ಹಾಗೆಯೇ ಬಿಟ್ಟರೆ ನಿಮ್ಮ ಓದುಗರು ಒಂದು ದೊಡ್ಡ ಸಂಗೀತ ಪರಂಪರೆಯನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಿದಂತಾಗುತ್ತದೆ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಪುತ್ತೂರಿನ ಕಡೆಯವನು. ಮೂವತ್ತೈದು ವರ್ಷಗಳಿಂದ ದೇವಸ್ಥಾನಗಳ ಉತ್ಸವಗಳಲ್ಲಿ, ಮದುವೆ ಮನೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಾ ಬಂದವನು. ನಮ್ಮ ಜಿಲ್ಲೆಯಲ್ಲಿ ಇದು ಯಾರಿಗೂ ವಿದೇಶಿ ವಾದ್ಯವಲ್ಲ. ದೇವರ ಉತ್ಸವಮೂರ್ತಿಯ ಬಲಿ ಮೆರವಣಿಗೆ ಹೊರಟಾಗ ವಾದ್ಯದ ಸುತ್ತಿನಲ್ಲಿ ಡೋಲಿನವರೊಂದಿಗೆ ನಾವೂ ಅಂಗಣದಲ್ಲಿ ನಡೆಯುತ್ತೇವೆ. ನನ್ನದು ಆಲ್ಟೋ, ಟೆನರ್ ಎಂಬುದಕ್ಕಿಂತ ಚಿಕ್ಕ ಸ್ಯಾಕ್ಸೋಫೋನ್. ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ ಉತ್ಸವಗಳು ನಿಲ್ಲುತ್ತವೆ. ಮಳೆಗಾಲವಿಡೀ ವಾದ್ಯ ಮನೆಯಲ್ಲೇ ಇರುತ್ತದೆ. ತೇವಕ್ಕೆ ಚರ್ಮದ ಪ್ಯಾಡುಗಳು ಅಂಟಿಕೊಳ್ಳುತ್ತವೆ, ಜಿ ಶಾರ್ಪ್ ಕೀಲಿ ಒತ್ತಿದರೂ ತೆರೆಯುವುದಿಲ್ಲ. ದಿನಕ್ಕೊಮ್ಮೆ ಪೆಟ್ಟಿಗೆ ತೆಗೆದು ಒರೆಸಿ, ರೀಡ್ ನೆನೆಸಿ, ಅರ್ಧ ಗಂಟೆಯಾದರೂ ಊದಬೇಕು.

ಹಾಗೆ ಕುಳಿತಿದ್ದ ಒಂದು ಮಧ್ಯಾಹ್ನ ನನ್ನಲ್ಲಿ ಕಲಿಯುವ ಹುಡುಗ ಮೊಬೈಲ್ ಹಿಡಿದು ಬಂದು, ಇದನ್ನು ಕೇಳಿ ಎಂದ. ಹೊರಗೆ ಜೋರು ಮಳೆ, ಹೆಂಚಿನ ಮೇಲಿನ ಸದ್ದಿಗೆ ಮೊಬೈಲಿನ ಧ್ವನಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವನು ಅದನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿದ. ಮೊದಲು ಪಿಯಾನೋ ನಾಲ್ಕು ಹೆಜ್ಜೆ ಇಟ್ಟಿತು. ಆಮೇಲೆ ಟೆನರ್ ಸ್ಯಾಕ್ಸೋಫೋನ್ ಬಂತು. ಯಾವ ಅವಸರವೂ ಇಲ್ಲ, ಏರಿದ ದನಿಯೂ ಇಲ್ಲ, ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಕೇಳಿಸುವ ಹಾಗೆ ಒಬ್ಬರು ಮಾತನಾಡಲು ತೊಡಗಿದಂತೆ. ಸ್ವರದ ಜೊತೆಯಲ್ಲೇ ಉಸಿರೂ ಕೇಳಿಸುತ್ತಿತ್ತು. ಮೂರು ನಿಮಿಷದಲ್ಲಿ ಮುಗಿಯಿತು. ಇನ್ನೊಮ್ಮೆ ಹಾಕು ಎಂದೆ. ಆ ಮಧ್ಯಾಹ್ನ ಎಷ್ಟು ಸಲ ಹಾಕಿಸಿದೆನೋ ಲೆಕ್ಕವಿಡಲಿಲ್ಲ.

ಅದು ಅಮೆರಿಕದ ಟೆನರ್ ವಾದಕ ಕೋಲ್ಮನ್ ಹಾಕಿನ್ಸ್ ಅವರು 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ಬ್ಲೂಬರ್ಡ್ ಎಂಬ ಧ್ವನಿಮುದ್ರಣ ಕಂಪನಿಗಾಗಿ ನುಡಿಸಿದ ‘ಬಾಡಿ ಆ್ಯಂಡ್ ಸೋಲ್’. ಪಿಯಾನೋದಲ್ಲಿದ್ದವರು ಜೀನ್ ರಾಜರ್ಸ್. ಈ ಹಾಡು ಎಂದರೆ ಜಗತ್ತಿನ ಜಾಸ್ ವಾದಕರೆಲ್ಲ ಮೊದಲು ನೆನೆಯುವುದು ಈ ಧ್ವನಿಮುದ್ರಿಕೆಯನ್ನೇ. ಕಲಿಯುವವರು ಬಾಯಿಪಾಠ ಮಾಡುವುದೂ ಇದನ್ನೇ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಸೇರಿಸಿಕೊಂಡು ಕಾಪಾಡುತ್ತಿರುವುದೂ ಇದನ್ನೇ. ಈಗ ನಿಮ್ಮ ಲೇಖಕರನ್ನು ಕೇಳುತ್ತೇನೆ, ಇದು ಮೂಲವೇ?

ಅಲ್ಲ. ಹಾಡು ಹುಟ್ಟಿದ್ದು ಅದಕ್ಕಿಂತ ಒಂಬತ್ತು ವರ್ಷ ಮೊದಲು, 1930ರಲ್ಲಿ. ಸ್ವರ ಕಟ್ಟಿದವರು ಜಾನಿ ಗ್ರೀನ್, ಆಗ ಅವರಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಸಾಹಿತ್ಯ ಎಡ್ವರ್ಡ್ ಹೇಮನ್, ರಾಬರ್ಟ್ ಸಾರ್, ಫ್ರಾಂಕ್ ಐಟನ್ ಅವರದು. ಬ್ರಿಟಿಷ್ ರಂಗನಟಿ ಗರ್ಟ್ರೂಡ್ ಲಾರೆನ್ಸ್ ಅವರಿಗಾಗಿ ಮಾಡಿದ ಹಾಡು ಅದು. ಹೀಗಾಗಿ ಅಮೆರಿಕದ ಹಾಡಾದರೂ ಮೊದಲು ಹೆಸರು ಮಾಡಿದ್ದು ಲಂಡನ್ನಿನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಯ ಒಂದು ಪ್ರದರ್ಶನದಲ್ಲಿ ಲಿಬಿ ಹೋಲ್ಮನ್ ಹಾಡಿದರು. ಆ ತಿಂಗಳೇ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ರೀತಿಯಲ್ಲಿ ಹಾಡಿ, ಟ್ರಂಪೆಟ್ ನುಡಿಸಿ ಮುದ್ರಿಸಿದರು. ನೀನಿಲ್ಲದೆ ಹೃದಯ ಬರಿದಾಗಿದೆ, ನಿಟ್ಟುಸಿರೇ ನನ್ನ ದಿನಚರಿಯಾಗಿದೆ, ನನ್ನ ತನುಮನವೆಲ್ಲ ನಿನ್ನದೇ ಆದರೂ ನೀನೇಕೆ ನಂಬುವುದಿಲ್ಲ ಎಂದು ಕೇಳುವ ಹಾಡು. ಸಾಹಿತ್ಯವಾಗಿ ನೋಡಿದರೆ ಆ ಕಾಲದ ಹತ್ತಾರು ವಿರಹಗೀತೆಗಳಲ್ಲಿ ಅದೂ ಒಂದು. ಅದನ್ನು ಬೇರೆಯಾಗಿಸಿದ್ದು ಸ್ವರದ ಕಟ್ಟಡ.

ಆ ಕಟ್ಟಡವನ್ನು ಸ್ವಲ್ಪ ವಿವರಿಸಬೇಕು, ನಕಲು ಎಂಬ ಮಾತು ಏಕೆ ಸಲ್ಲದು ಎಂಬುದು ಅಲ್ಲಿಯೇ ಇದೆ. ಒಂದು ಸುತ್ತಿನಲ್ಲಿ ನಾಲ್ಕೆಣಿಕೆಯ 32 ಬಾರ್‌ಗಳು. ಎಂಟೆಣಿಕೆಯ ನಮ್ಮ ಆದಿತಾಳದ ಲೆಕ್ಕದಲ್ಲಿ 16 ಆವರ್ತ ಎಂದುಕೊಳ್ಳಿ. ಮೊದಲ ನಾಲ್ಕು ಆವರ್ತ ಒಂದು ಸಾಲು, ಮುಂದಿನ ನಾಲ್ಕು ಹೆಚ್ಚುಕಡಿಮೆ ಅದೇ ಸಾಲು, ಆಮೇಲೆ ನಾಲ್ಕು ಬೇರೆ, ಕೊನೆಗೆ ಮತ್ತೆ ಮೊದಲಿನದು. ನಡುವಿನ ಆ ‘ಬೇರೆ’ ಭಾಗವನ್ನು ಅವರು ಬ್ರಿಜ್ ಎನ್ನುತ್ತಾರೆ. ಹಾಡು ಡಿ ಫ್ಲ್ಯಾಟ್ ಎಂಬ ಶ್ರುತಿಯಲ್ಲಿ ನಡೆಯುತ್ತಿರುತ್ತದೆ, ಬ್ರಿಜ್ ಬಂದೊಡನೆ ಶ್ರುತಿಯೇ ಅರ್ಧ ಸ್ವರ ಮೇಲೆ ಡಿಗೆ ಜರುಗುತ್ತದೆ. ಅಲ್ಲಿ ನಾಲ್ಕು ಹೆಜ್ಜೆ ಇಟ್ಟು ಕೆಳಗೆ ಸಿ ಶ್ರುತಿಗೆ ಇಳಿಯುತ್ತದೆ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹಳೆಯ ಮನೆಗೆ ಮರಳುತ್ತದೆ. ತಂಬೂರಿಯ ಒಂದೇ ಷಡ್ಜದ ಮೇಲೆ ಬದುಕು ಕಟ್ಟಿಕೊಂಡ ನನಗೆ ಇದು ಮೊದಲು ಕೇಳಿದಾಗ ನೆಲ ಸರಿದಂತಾಯಿತು. ಆಲ್ಟೋದಲ್ಲಿ ಸ್ವರಗಳ ಹೆಸರು ಬೇರೆಯಾಗುವುದರಿಂದ ನನ್ನ ವಾದ್ಯದಲ್ಲಿ ಇದೇ ಹಾಡು ಬಿ ಫ್ಲ್ಯಾಟಿನ ಬೆರಳುಗಳಲ್ಲಿ ಶುರುವಾಗಿ ಬ್ರಿಜ್‌ನಲ್ಲಿ ಬಿಗೆ ಹೋಗುತ್ತದೆ. ಎಲ್ಲ ಬೆರಳುಗಳೂ ಒಮ್ಮೆಲೇ ಅಪರಿಚಿತ ಊರಿಗೆ ಹೋದ ಹಾಗೆ. ಒಂದು ವಾರ ಅಲ್ಲಿಯೇ ಎಡವಿದೆ.

ಜಾಸ್‌ನಲ್ಲಿ ಹಾಡಿನ ಕೆಳಗೆ ಸ್ವರಗುಚ್ಛಗಳ ಸಾಲೊಂದು ಹರಿಯುತ್ತಿರುತ್ತದೆ. ಮೂರು ನಾಲ್ಕು ಸ್ವರ ಒಟ್ಟಿಗೆ ಮೊಳಗುವ ಈ ಗುಚ್ಛಕ್ಕೆ ಕಾರ್ಡ್ ಎಂದು ಹೆಸರು. ಮೇಲೆ ಹಾಡಿನ ಧಾಟಿ, ಕೆಳಗೆ ಕಾರ್ಡುಗಳ ದಾರಿ. ವಾದಕ ಧಾಟಿಯನ್ನು ಬಿಟ್ಟು ಹೊರಟರೂ ದಾರಿಯನ್ನು ಬಿಡುವುದಿಲ್ಲ. ಹಾಕಿನ್ಸ್ ಮಾಡಿದ್ದು ಇದನ್ನೇ. ಶುರುವಿನಲ್ಲಿ ಹಾಡಿನ ಧಾಟಿಯನ್ನು ಸ್ವಲ್ಪ ತೋರಿಸಿದರು, ಗುರುತು ಸಿಕ್ಕಿತಲ್ಲ ಎಂಬಂತೆ. ಆಮೇಲೆ ಎರಡು ಸುತ್ತು, ಒಟ್ಟು 64 ಬಾರ್, ಮುಗಿಯುವವರೆಗೂ ಅವರು ಮತ್ತೆ ಆ ಧಾಟಿಗೆ ಬರಲೇ ಇಲ್ಲ. ಬಂದಷ್ಟೂ ಹೊಸ ಸಂಗತಿಗಳು. ಎರಡನೆಯ ಸುತ್ತಿನಲ್ಲಿ ಹಿಂದಿನಿಂದ ಇತರ ವಾದ್ಯಗಳು ಮೆಲ್ಲಗೆ ಆಸರೆ ಕೊಡುತ್ತವೆ, ಆಗ ಅವರು ಹಂತಹಂತವಾಗಿ ಮೇಲೇರುತ್ತಾರೆ. ಆ ಪ್ಲೇಟು ಮಾರುಕಟ್ಟೆಗೆ ಬಂದಾಗ ಜನ ಕೊಂಡುಕೊಂಡರು, ಹಾಡಿನ ಧಾಟಿಯೇ ಇಲ್ಲದ ಪ್ರೇಮಗೀತೆಯನ್ನು ಜನ ತಮ್ಮದಾಗಿಸಿಕೊಂಡರು. ಕೇಳುಗರನ್ನು ಕಡಿಮೆ ಅಂದಾಜು ಮಾಡುವವರೆಲ್ಲ ಈ ಸಂಗತಿಯನ್ನು ತಿಳಿದುಕೊಳ್ಳಬೇಕು.

ಮದುವೆ ಮನೆಗಳಲ್ಲಿ ನನಗೆ ಎಷ್ಟೋ ಸಲ ಹೇಳಿದ್ದಾರೆ, ಕ್ಯಾಸೆಟ್‌ನಲ್ಲಿ ಇದ್ದ ಹಾಗೆಯೇ ನುಡಿಸಿ ಎಂದು. ಒಮ್ಮೆ ಒಬ್ಬ ಯಜಮಾನರು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ನಾನು ಮಧ್ಯಮಾವತಿಯಲ್ಲಿ ಸ್ವಲ್ಪ ಬೆಳೆಸಿದ್ದಕ್ಕೆ ಎದುರಿಗೇ ಬೇಸರ ಮಾಡಿಕೊಂಡರು. ಅದೇ ಪದವನ್ನು ಭೀಮಸೇನ ಜೋಶಿಯವರು ಹಿಂದುಸ್ತಾನಿ ಧಾಟಿಯಲ್ಲಿ ಹಾಡಿದ್ದಾರೆ, ಅದನ್ನು ಇದೇ ಜಿಲ್ಲೆಯ ಮನೆಮನೆಯಲ್ಲಿ ಕೇಳುತ್ತಾರೆ. ಅದನ್ನು ಯಾರೂ ನಕಲು ಎನ್ನಲಿಲ್ಲ. ಪುರಂದರದಾಸರ ಕಾಲದ ಧಾಟಿಯೇ ಬೇಕು ಎಂದು ಯಾರೂ ಹಟ ಹಿಡಿಯಲಿಲ್ಲ. ನಮ್ಮಲ್ಲಿ ಇಷ್ಟು ಸಹಜವಾಗಿ ಒಪ್ಪಿಕೊಳ್ಳುವ ಮಾತನ್ನು ಅವರ ಸಂಗೀತದ ವಿಷಯಕ್ಕೆ ಬಂದಾಗ ಏಕೆ ಮರೆಯಬೇಕು?

ಹಾಕಿನ್ಸ್ ಅವರ ಮೊದಲೂ ಈ ಹಾಡಿನ ದಾರಿಯಲ್ಲಿ ನಡೆದವರಿದ್ದರು. 1935ರಲ್ಲಿ ಬೆನ್ನಿ ಗುಡ್‌ಮನ್ ಕ್ಲಾರಿನೆಟ್, ಟೆಡ್ಡಿ ವಿಲ್ಸನ್ ಪಿಯಾನೋ, ಜೀನ್ ಕ್ರೂಪಾ ಡ್ರಮ್ಸ್, ಮೂವರೇ ಕುಳಿತು ಮುದ್ರಿಸಿದರು. ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ಕುಳಿತು ನುಡಿಸುವುದು ಅಮೆರಿಕದಲ್ಲಿ ಅಪರೂಪವಾಗಿದ್ದ ಕಾಲ ಅದು. ವಿಲ್ಸನ್ ಕಪ್ಪು ಜನಾಂಗದವರು, ಉಳಿದಿಬ್ಬರು ಬಿಳಿಯರು. 1938ರಲ್ಲಿ ಟೆನರ್‌ನ ಚೂ ಬೆರಿ ಮತ್ತು ಟ್ರಂಪೆಟ್‌ನ ರಾಯ್ ಎಲ್‌ಡ್ರಿಜ್ ಸೇರಿ ನುಡಿಸಿದರು. ಹಾಕಿನ್ಸ್ ಆಗ ಊರಲ್ಲಿರಲಿಲ್ಲ. 1934ರಲ್ಲಿ ಯುರೋಪಿಗೆ ಹೋದವರು ಐದು ವರ್ಷ ಅಲ್ಲಿದ್ದು 1939ರ ಬೇಸಗೆಯಲ್ಲಷ್ಟೇ ಮರಳಿದ್ದರು. ಅಷ್ಟರಲ್ಲಿ ತನ್ನ ವಾದ್ಯದಲ್ಲಿ ಹೊಸಬರು ತಲೆ ಎತ್ತಿದ್ದಾರೆ ಎಂಬುದು ಅವರಿಗೂ ಗೊತ್ತಿತ್ತು. ಬಂದ ಕೆಲವೇ ತಿಂಗಳಲ್ಲಿ ಈ ಮೂರು ನಿಮಿಷವನ್ನು ನುಡಿಸಿದರು. ಉತ್ಸವದ ಅಂಗಣದಲ್ಲಿ ಇನ್ನೊಂದು ತಂಡ ಚೆನ್ನಾಗಿ ನುಡಿಸಿದ ಮೇಲೆ ನಮ್ಮ ಸರದಿ ಬಂದಾಗ ಎದೆಯಲ್ಲಿ ಏನಾಗುತ್ತದೆ ಎಂದು ಬಲ್ಲವನಾದ್ದರಿಂದ ಆ ದಿನವನ್ನು ನಾನು ಮತ್ತೆ ಮತ್ತೆ ಕಲ್ಪಿಸಿಕೊಳ್ಳುತ್ತೇನೆ.

ಗಾಯಕಿಯರಲ್ಲಿ ಬಿಲಿ ಹಾಲಿಡೇ ಅವರನ್ನು ಬಿಟ್ಟು ಈ ಹಾಡಿನ ಮಾತು ಪೂರ್ತಿಯಾಗದು. ಅವರು 1940ರಲ್ಲಿ ಒಮ್ಮೆ ಹಾಡಿದರು, 1957ರಲ್ಲಿ ಮತ್ತೊಮ್ಮೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಮೊದಲನೆಯದರಲ್ಲಿ ಕಂಠ ತೆಳುವಾಗಿ, ಹಗುರವಾಗಿ, ತಾಳದ ಸ್ವಲ್ಪ ಹಿಂದೆ ತೇಲುತ್ತದೆ. ಎರಡನೆಯದರಲ್ಲಿ ಆ ಕಂಠ ಸವೆದಿದೆ, ಮೇಲಿನ ಸ್ವರಗಳು ಒಡೆಯುತ್ತವೆ, ಎರಡು ಮಾತುಗಳ ನಡುವೆ ಉಸಿರಿಗೆ ಕಾಯಬೇಕಾಗುತ್ತದೆ. ಎರಡು ವರ್ಷದಲ್ಲಿ ಅವರು ತೀರಿಕೊಂಡರು. ನನಗೆ ಎರಡನೆಯದೇ ಹೆಚ್ಚು ಬೇಕು. ಮೊದಲಿನದರಲ್ಲಿ ಅವರು ವಿರಹವನ್ನು ಹಾಡುತ್ತಾರೆ, ಹದಿನೇಳು ವರ್ಷದ ಮೇಲಿನದರಲ್ಲಿ ವಿರಹವೆಂದರೆ ಏನೆಂದು ಹೇಳಿಬಿಡುತ್ತಾರೆ. ಒಬ್ಬರೇ ಗಾಯಕಿ, ಒಂದೇ ಹಾಡು. ಇವೆರಡರಲ್ಲಿ ಯಾವುದು ಯಾವುದರ ನಕಲು?

1960ರಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಕೆಳಗಿನ ಕಾರ್ಡುಗಳ ದಾರಿಯನ್ನೇ ಅಲ್ಲಲ್ಲಿ ಬದಲಿಸಿದರು. ಆಮೇಲಿನ ಅನೇಕರು ಆ ಬದಲಿಸಿದ ದಾರಿಯಲ್ಲೇ ನಡೆಯುತ್ತಾರೆ. ಸಾರಾ ವಾನ್, ಎಲ್ಲಾ ಫಿಟ್ಜ್‌ಜೆರಾಲ್ಡ್ ಎಲ್ಲರೂ ಹಾಡಿದ್ದಾರೆ, ಎಲ್ಲವನ್ನೂ ಹೇಳಲು ನಿಮ್ಮಲ್ಲಿ ಜಾಗ ಸಾಲದು. ಆದರೆ ಗಾಯಕ ಎಡ್ಡಿ ಜೆಫರ್ಸನ್ ಅವರ ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಹಾಕಿನ್ಸ್ ಆ ಮೂರು ನಿಮಿಷದಲ್ಲಿ ನುಡಿಸಿದ ಒಂದೊಂದು ಸ್ವರಕ್ಕೂ ಅವರು ಮಾತು ಕೂರಿಸಿ ಹಾಡಿದರು. ಯೋಚಿಸಿ ನೋಡಿ. ಹಾಡೊಂದು ಇತ್ತು. ಅದರ ಮಾತು ಬಿಟ್ಟು, ಧಾಟಿಯನ್ನೂ ಬಿಟ್ಟು ಒಬ್ಬರು ಸ್ಯಾಕ್ಸೋಫೋನಿನಲ್ಲಿ ಮನೋಧರ್ಮ, ಅಂದರೆ ನುಡಿಸುತ್ತಲೇ ಹುಟ್ಟುವ ಕಲ್ಪನೆ, ತೋರಿದರು. ಆ ಮನೋಧರ್ಮಕ್ಕೆ ಇನ್ನೊಬ್ಬರು ಹೊಸ ಸಾಹಿತ್ಯ ಬರೆದರು. ಅದರಲ್ಲಿ ಹಾಕಿನ್ಸ್ ಅವರನ್ನೇ ಹೊಗಳಿದರು. 1979ರಲ್ಲಿ ಮ್ಯಾನ್‌ಹಟನ್ ಟ್ರಾನ್ಸ್‌ಫರ್ ತಂಡ ಅದನ್ನು ನಾಲ್ಕು ಕಂಠಗಳಿಗೆ ಹಂಚಿ ಹಾಡಿತು. ಆ ತಂಡದ ಹೊಳಪು ನನಗೆ ಸ್ವಲ್ಪ ಹೆಚ್ಚಾಯಿತು ಎನಿಸುತ್ತದೆ, ಜೆಫರ್ಸನ್ ಅವರ ಒರಟು ದನಿಯಲ್ಲಿ ಭಕ್ತಿಯಿತ್ತು. ಆದರೂ ವಿದ್ವಾಂಸರೊಬ್ಬರು ಕಛೇರಿಯಲ್ಲಿ ಹಾಡಿದ ಆಲಾಪನೆಗೆ ನಲವತ್ತು ವರ್ಷದ ಬಳಿಕ ನಾಲ್ವರು ಸಾಹಿತ್ಯ ಹಿಡಿದು ಹಾಡುವುದನ್ನು ನಾವು ಎಂದಾದರೂ ಕೇಳಿದ್ದೇವೆಯೇ?

2008ರಲ್ಲಿ ಎಸ್ಪೆರಾಂಜಾ ಸ್ಪಾಲ್ಡಿಂಗ್ ಇದನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಐದರ ಎಣಿಕೆಯಲ್ಲಿ ಹಾಡಿದರು, ಹೆಗಲಿಗೆ ದೊಡ್ಡ ಬೇಸ್ ಒರಗಿಸಿಕೊಂಡು ನುಡಿಸುತ್ತಲೇ ಹಾಡುವವರು ಅವರು. ಐದೆಣಿಕೆಯ ಖಂಡ ನಡೆ ಬಲ್ಲ ನಮ್ಮ ಡೋಲಿನ ಗೆಳೆಯರಿಗೆ ಅದನ್ನು ಕೇಳಿಸಿದೆ. ಎರಡನೆಯ ಸಾಲಿಗೆ ಅವರ ಬೆರಳು ಮಂಡಿಯ ಮೇಲೆ ತಕತಕಿಟ ಹಿಡಿದಾಗಿತ್ತು. ಭಾಷೆ ತಿಳಿಯದು, ಹಾಡು ಮೊದಲ ಸಲ ಕೇಳಿದ್ದು.

ಇನ್ನು ನೀವು ಚಿತ್ರ ಹಾಕಿದ ಆಮಿ ವೈನ್‌ಹೌಸ್. 2011ರ ಮಾರ್ಚ್‌ನಲ್ಲಿ ಲಂಡನ್ನಿನ ಅಬೆ ರೋಡ್ ಸ್ಟುಡಿಯೋದಲ್ಲಿ ಅಮೆರಿಕದ ಹಿರಿಯ ಗಾಯಕ ಟೋನಿ ಬೆನೆಟ್ ಅವರೊಂದಿಗೆ ಹಾಡಿದಾಗ ಆಕೆಗೆ 27 ವರ್ಷ, ಬೆನೆಟ್ ಅವರಿಗೆ 84. ಆಕೆಯ ಕುರಿತ 2015ರ ಸಾಕ್ಷ್ಯಚಿತ್ರದಲ್ಲಿ ಆ ದಿನದ ದೃಶ್ಯಗಳಿವೆ. ತನಗೆ ದೇವರಂತಿದ್ದ ಗಾಯಕರ ಎದುರು ನಿಂತ ಆ ಹುಡುಗಿ ಅಳುಕುತ್ತಾಳೆ, ತನ್ನ ಹಾಡು ಸರಿಬರಲಿಲ್ಲ ಎಂದು ಒದ್ದಾಡುತ್ತಾಳೆ. ಆ ವೃದ್ಧರು ಒಂದಿಷ್ಟೂ ಅವಸರಪಡಿಸುವುದಿಲ್ಲ. ಹಿಂದಿನ ಗಾಯಕಿ ಡೈನಾ ವಾಷಿಂಗ್ಟನ್ ಅವರ ಪ್ರಸ್ತಾಪ ತೆಗೆದು ಮಾತಿಗೆಳೆಯುತ್ತಾರೆ, ಆಕೆಯ ಮುಖ ಅರಳುತ್ತದೆ. ಕಲಿಸುವವರೆಲ್ಲ ಆ ದೃಶ್ಯವನ್ನು ನೋಡಬೇಕು. ಅದು ಆಕೆಯ ಕೊನೆಯ ಸ್ಟುಡಿಯೋ ಹಾಡಾಯಿತು. ಜುಲೈ 23ರಂದು ಆಕೆ ತೀರಿಕೊಂಡರು, ಹಾಡು ಬಿಡುಗಡೆಯಾದದ್ದು ಸೆಪ್ಟೆಂಬರ್ 14ಕ್ಕೆ, ಆಕೆ ಬದುಕಿದ್ದರೆ 28 ತುಂಬುತ್ತಿದ್ದ ದಿನ. ಮರುವರ್ಷ ಅದಕ್ಕೆ ಗ್ರ್ಯಾಮಿ ಬಂತು. ಆ ಹಾಡಿನಲ್ಲಿ ಬಿಲಿ ಹಾಲಿಡೇ ಇದ್ದಾರೆ, ಸಾರಾ ವಾನ್ ಇದ್ದಾರೆ, ತನ್ನದೇ ಆದ ಒಂದು ಒಡಕೂ ಇದೆ. ಆಮಿ ಅವರನ್ನು ಗೌರವಿಸಬೇಕಾದರೆ ಅವರ ಹಿಂದಿನ ಎಂಬತ್ತು ವರ್ಷಗಳನ್ನು ಚಿತ್ರದ ಅಡಿಯಿಂದ ಅಳಿಸಬಾರದು. ಆಕೆ ಅದೇ ಎಂಬತ್ತು ವರ್ಷವನ್ನು ಹಾಡುತ್ತಿದ್ದಳು.

ಎಲ್ಲ ಮರುಹಾಡುಗಳೂ ಒಳ್ಳೆಯವು ಎಂದು ನಾನು ಹೇಳುತ್ತಿಲ್ಲ. ದೊಡ್ಡ ಹೋಟೆಲ್‌ಗಳ ಊಟದ ಕೋಣೆಗಳಲ್ಲಿ ಸಕ್ಕರೆ ಬೆರೆಸಿ ಹಚ್ಚಿಡುವ ಸ್ಯಾಕ್ಸೋಫೋನ್ ಸಂಗೀತವನ್ನು ಕೇಳಿದರೆ ನನಗೂ ಎದ್ದು ಹೋಗೋಣ ಎನಿಸುತ್ತದೆ. ಆದರೆ ಅದರ ದೋಷ ಉಸಿರಿಲ್ಲದಿರುವುದು. ಎರಡನೆಯವರಾಗಿ ನುಡಿಸಿದ್ದು ದೋಷವಲ್ಲ.

ಇನ್ನೊಂದು ಸಂಗತಿ ನಿಮ್ಮ ಓದುಗರಿಗೆ ತಿಳಿಯಲೇಬೇಕು ಎಂದು ನನ್ನ ಆಸೆ. ನಮ್ಮ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ, ನಾಗಸ್ವರ ನುಡಿಸುವವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತವರು. ಸ್ವರವನ್ನು ತೂಗಿ ಬಳುಕಿಸುವ ಗಮಕ ಹುಟ್ಟದ ವಾದ್ಯದಲ್ಲಿ ಗಮಕ ಹುಟ್ಟಿಸಲು ಅವರು ಪಟ್ಟ ಪಾಡಿನ ಫಲವನ್ನೇ ಇಂದು ನಮ್ಮಂಥ ನೂರಾರು ಮಂದಿ ಉಣ್ಣುತ್ತಿದ್ದೇವೆ. 1980ರಲ್ಲಿ ಮುಂಬಯಿಯ ಜಾಸ್ ಯಾತ್ರಾ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಸ್ ವಾದಕ ಜಾನ್ ಹ್ಯಾಂಡಿ, ಗೋಪಾಲನಾಥರೊಂದಿಗೆ ವೇದಿಕೆಯೇರಿ ನುಡಿಸಿದರು. ಒಬ್ಬರು ರಾಗದಿಂದ ಬಂದವರು, ಇನ್ನೊಬ್ಬರು ಕಾರ್ಡಿನಿಂದ. ಗೋಪಾಲನಾಥರು ಮಂಗಳೂರಿನಲ್ಲಿ ನಿಧನರಾದದ್ದು 2019ರ ಅಕ್ಟೋಬರ್ 11ರಂದು. ಹಾಕಿನ್ಸ್ ಆ ಹಾಡನ್ನು ಮುದ್ರಿಸಿದ ದಿನಕ್ಕೆ ಅಂದು ಸರಿಯಾಗಿ 80 ವರ್ಷ. ಈ ದಿನಾಂಕಗಳು ಒಂದಾಗಿರುವುದು ಕಾಕತಾಳೀಯವೇ. ಅದನ್ನು ಬಲ್ಲೆ. ಆದರೂ ಅಕ್ಟೋಬರ್ 11 ಬಂದರೆ ವಾದ್ಯದ ಪೆಟ್ಟಿಗೆ ತೆರೆಯುವ ಮೊದಲು ಇಬ್ಬರನ್ನೂ ನೆನೆದು ಕೈಮುಗಿಯುತ್ತೇನೆ.

ನನ್ನ ಕೋರಿಕೆ ಎರಡು. ಚಿತ್ರದಡಿಯ ಸಾಲನ್ನು ತಿದ್ದಿ, ಸ್ವರ ಸಂಯೋಜನೆ ಜಾನಿ ಗ್ರೀನ್ ಎಂದು ಪ್ರಕಟಿಸಿ. ಮುಂದೆ ಯಾವ ಹಾಡಿನ ಬಗ್ಗೆ ಬರೆಸಿದರೂ, ಅದು ಜಾಸ್ ಆಗಲಿ, ದಾಸರ ಪದವಾಗಲಿ, ಕಟ್ಟಿದವರ ಹೆಸರು, ಹಾಡಿದವರ ಹೆಸರು, ಹಾಡಿದ ವರ್ಷ ಈ ಮೂರನ್ನೂ ಕೊಡಿಸಿ. ಓದುಗರು ಮನೆಯಲ್ಲಿ ಕುಳಿತು ಹುಡುಕಿ ಕೇಳಲು ಅಷ್ಟು ಸಾಕು.

ಆ ಹುಡುಗ ಮತ್ತು ನಾನು ಈಗ ಹಾಕಿನ್ಸ್ ಅವರ 64 ಬಾರ್‌ಗಳನ್ನು ಸರಿಗಮದಲ್ಲಿ ಬರೆದುಕೊಳ್ಳುತ್ತಿದ್ದೇವೆ. ಉದ್ದ ಪುಸ್ತಕದ ಎಡಪುಟದಲ್ಲಿ ಅವನ ಅಕ್ಷರ, ಬಲಪುಟದಲ್ಲಿ ನನ್ನ ತಿದ್ದುಪಡಿ. ಶ್ರುತಿ ಜರುಗುವ ಬ್ರಿಜ್‌ನಲ್ಲಿ ಷಡ್ಜವನ್ನು ಎಲ್ಲಿ ಇಡಬೇಕು ಎಂಬುದರ ಮೇಲೆ ನಮ್ಮಿಬ್ಬರಿಗೂ ಎರಡು ದಿನ ವಾದವಾಯಿತು. ಕೊನೆಗೆ ಅವನು ಹೇಳಿದ್ದೇ ಸರಿ ಎಂದು ಒಪ್ಪಿ, ಅಲ್ಲಿ ಕೆಂಪು ಪೆನ್ನಿನಿಂದ ಹೊಸ ‘ಸ’ ಬರೆದೆ. ಮೊದಲ ಸುತ್ತು ಮುಗಿದಿದೆ. ಎರಡನೆಯದರಲ್ಲಿ ಹನ್ನೊಂದನೆಯ ಬಾರ್‌ಗೆ ಬಂದಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸ್ಯಾಕ್ಸೋಫೋನ್ ವಾದಕ
ಪುತ್ತೂರು, ದಕ್ಷಿಣ ಕನ್ನಡ